ನಾನೂ ಒಬ್ಬ ಮಾಲೀಕ

ಮನೆಯಲ್ಲಿ ಸೌಟು ಎಲ್ಲಿರಬೇಕೆಂದು ಹೇಳುವ ಅಧಿಕಾರವೂ ಇಲ್ಲದ ನಾನು ಒಂದು ಕಂಪನಿಯ ಮಾಲೀಕನೆಂದರೆ ನೀವು ನಂಬಲಿಕ್ಕಿಲ್ಲ. ಪೂರ್ತಿ ಮಾಲೀಕನಲ್ಲ, 500 ಷೇರುಗಳಷ್ಟು. ಫ್ರಿಜ್ಜು, ಟೀವಿ, ಮೊಬೈಲು ಕೊಳ್ಳುವವರಿಗೆ ಕಂತಿನ ಸಾಲ ಕೊಡುವ ಕಂಪನಿ. ಹೆಸರು ಬೇಡ, ಅದನ್ನೆತ್ತಿದರೆ ನನ್ನಾಕೆ ಎದ್ದು ಒಳಗೆ ಹೋಗುತ್ತಾಳೆ.

ಅವಳ ಮದುವೆಯ ಬಳೆಗಳು ಮಗನ ಓದಿಗೆ ಕರಗಿದ್ದವು. 2017ರಲ್ಲಿ ನಾನು ನಿವೃತ್ತನಾದಾಗ ಬಂದ ಹಣದಲ್ಲಿ ನಾಲ್ಕು ಬಳೆ ಮಾಡಿಸುವುದೆಂದು ಮಾತಾಗಿತ್ತು. ಹತ್ತು ಗ್ರಾಂ ಚಿನ್ನಕ್ಕೆ ಆಗ ಮೂವತ್ತು ಸಾವಿರದ ಆಸುಪಾಸು. "ಚಿನ್ನ ಪೆಟ್ಟಿಗೆಯಲ್ಲಿ ಮಲಗುತ್ತದೆ, ಹಣ ದುಡಿಯಬೇಕು, ಒಂದೆರಡು ವರ್ಷ ತಾಳು, ನಾಲ್ಕು ಎಂಟಾಗುತ್ತದೆ" ಎಂದು ಉಪನ್ಯಾಸ ಕೊಟ್ಟು, ಮುನ್ನೂರರಂತೆ ಷೇರು ಕೊಂಡೆ.

ಇಂಥ ಕಂಪನಿಗಳು ತಾವೇ ಸಾಲ ತಂದು ಸಾಲ ಕೊಡುತ್ತವೆಂಬುದು ನನಗೆ ಹೊಳೆದದ್ದು ಮರುವರ್ಷ. 2018ರಲ್ಲಿ ಇನ್ನಾವುದೋ ದೊಡ್ಡ ಹಣಕಾಸು ಸಂಸ್ಥೆ ಸಾಲ ತೀರಿಸಲಾರದೆ ಕೈಚೆಲ್ಲಿತು. ಬ್ಯಾಂಕುಗಳು ಎಲ್ಲರಿಗೂ ಕೈ ಬಿಗಿಹಿಡಿದವು. ನಮ್ಮ ಷೇರು ನೂರೈವತ್ತಕ್ಕೆ ಇಳಿಯಿತು. 2020ರ ಮಾರ್ಚಿಯಿಂದ ಆಗಸ್ಟಿನವರೆಗೆ ಸಾಲಗಾರರ ಕಂತು ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿತು. "ಅಪ್ಪಾ, ಕಾರಿನ ಕಂತು ಸದ್ಯಕ್ಕಿಲ್ಲ, ಉಸಿರು ಬಂತು" ಎಂದ ಮಗ. ತಂದೆಯಾಗಿ ಹಿಗ್ಗಿದೆ, ಮಾಲೀಕನಾಗಿ ಕುಗ್ಗಿದೆ. 2023ರ ನವೆಂಬರಿನಲ್ಲಿ ಇಂಥ ಸಾಲಗಳಿಗೆ ಹೆಚ್ಚು ಬಂಡವಾಳ ಹೊಂದಿರಬೇಕೆಂಬ ಕಟ್ಟಪ್ಪಣೆ ಬಂತು. ನಮ್ಮ ಆಡಳಿತ ಮಂಡಲಿಗೆ ನೆಪದ ಬರ ಎಂದೂ ಬಂದದ್ದಿಲ್ಲ.

ಮಾರಬಾರದಿತ್ತೇ ಎಂದು ಕೇಳುತ್ತೀರಿ. ಕೊಂಡ ಬೆಲೆ ಬಂದ ದಿನ ಮಾರುತ್ತೇನೆಂದು ಶಪಥ ಮಾಡಿದ್ದೇನಲ್ಲ! ಈಗ ಮಾರಿದರೆ ನಷ್ಟವಾದದ್ದು ಬರೀ ಹಣವಲ್ಲ, ನನ್ನ ಉಪನ್ಯಾಸವೂ ಎಂದು ಒಪ್ಪಿಕೊಂಡಂತೆ.

ವಾರ್ಷಿಕ ಮಹಾಸಭೆ ಈಗ ಕಂಪ್ಯೂಟರಿನ ಮೇಲೆಯೇ ನಡೆಯುತ್ತದೆ. ಕಾಫಿಯ ಆಸೆಯೂ ಇಲ್ಲ. ಕಳೆದ ಸಲ ನನಗೆ ಎರಡು ನಿಮಿಷ ಸಿಕ್ಕಿತು. ಅರ್ಧ ನಿಮಿಷ "ನಿಮ್ಮ ಧ್ವನಿ ಕೇಳಿಸುತ್ತಿಲ್ಲ" ಎಂಬುದಕ್ಕೇ ಹೋಯಿತು. ಷೇರು ಏಳುವುದು ಎಂದಿಗೆಂದು ಕೇಳಿದೆ. ದೀರ್ಘಾವಧಿಯ ದೃಷ್ಟಿ ಇರಲಿ ಎಂದರು ಅಧ್ಯಕ್ಷರು. ನನಗೆ ಅರವತ್ತೆಂಟು!

ಮೊನ್ನೆ ತಂಗಿಯ ಮಗಳ ಮದುವೆಗೆ ಹೊರಟಿದ್ದೆವು. ರೋಲ್ಡ್‌ಗೋಲ್ಡಿನ ಬಳೆ ಏರಿಸಿಕೊಳ್ಳುತ್ತ, ಪೇಪರು ಹಿಡಿದು ಕೂತಿದ್ದ ನನ್ನನ್ನು ಅವಳು ಕೇಳಿದಳು:

"ಏನೂಂದ್ರೆ, ಇವತ್ತು ಎಷ್ಟಂತೆ?"

ಎಂಟು ವರ್ಷದಲ್ಲಿ ಮೊದಲ ಸಲ ಕೇಳಿದ್ದಾಳೆ! "ನೂರ ಅರವತ್ತು. ನಿನ್ನೆಗಿಂತ ಎರಡು ರೂಪಾಯಿ ಮೇಲೆ" ಎಂದೆ ಉತ್ಸಾಹದಿಂದ.

"ಅದನ್ನಲ್ಲಾಂದ್ರೆ ನಾನು ಕೇಳಿದ್ದು," ಎಂದಳು, "ಚಿನ್ನ."

ಹತ್ತು ಗ್ರಾಮಿಗೆ ಲಕ್ಷ ದಾಟಿತ್ತು. ಆಟೋ ಬಂತೇನೋ ನೋಡುತ್ತೇನೆಂದು ಹೊರಗೆ ಹೋದೆ.