ನೀಲಗಿರಿಯ ಬಡಮಣ್ಣಿನ ಹೂವು

ಮೈಸೂರಿನ ನಮ್ಮ ಹಿತ್ತಲಿನಲ್ಲಿ ನ್ಯಾಸ್ಟರ್ಷಿಯಂ ಬಳ್ಳಿಯು ಎರಡು ವರ್ಷ ಸೊಂಪಾಗಿ ಹಬ್ಬಿತು. ಹೂವನ್ನು ಮಾತ್ರ ಬಿಡಲಿಲ್ಲ. ತಂದೆಯವರು ತೀರಿಕೊಂಡ ಬಳಿಕ ಹಳ್ಳಿಯ ಮನೆಯನ್ನು ತೊರೆದು ನಮ್ಮಲ್ಲಿಗೆ ಬಂದಿದ್ದ ಅಮ್ಮ ಅದಕ್ಕೆ ಬುಟ್ಟಿಗಟ್ಟಲೆ ಕೊಟ್ಟಿಗೆ ಗೊಬ್ಬರವನ್ನು ಸುರಿದಿದ್ದರು. "ನನ್ನ ಕೈಗುಣವೇ ಹೋಯಿತಪ್ಪ" ಎಂದು ಒಂದು ದಿನ ಅವರು ನುಡಿದುದು ನನ್ನ ಮನಸ್ಸಿಗೆ ನಾಟಿತು.

ಕಳೆದ ಬೇಸಗೆಯಲ್ಲಿ ಅವರನ್ನೂ ಕರೆದುಕೊಂಡು ಉದಕಮಂಡಲಕ್ಕೆ ಹೊರಟೆವು. ಬಂಡೀಪುರದ ಕಾಡನ್ನು ದಾಟಿ ಗೂಡಲೂರಿನ ಘಟ್ಟವನ್ನೇರುತ್ತಿದ್ದಂತೆ ಅಮ್ಮ ಶಾಲನ್ನು ಬಿಗಿಯಾಗಿ ಹೊದ್ದುಕೊಂಡರು. 1848ರಲ್ಲಿ ಸ್ಥಾಪಿತವಾದ ಸಸ್ಯೋದ್ಯಾನವನ್ನು ಎಲ್ಲರಂತೆ ನಾವೂ ನೋಡಿದೆವು. ಅದರ ವರ್ಣನೆ ಇಲ್ಲಿ ಬೇಡ. ನಾನು ಹೇಳಹೊರಟಿರುವುದು ಊರ ಹೊರಗೆ ರಸ್ತೆಗಾಗಿ ಕಡಿದ ಒಂದು ದಿಣ್ಣೆಯ ವಿಷಯ. ಬರಿಯ ಕಲ್ಲುಮಣ್ಣು, ಮಾಲಿಯ ಸುಳಿವಿಲ್ಲ. ಆದರೆ ಅದರ ತುಂಬ ಕಿತ್ತಳೆ, ಹಳದಿ, ಕೆಂಪು ಬಣ್ಣದ ನ್ಯಾಸ್ಟರ್ಷಿಯಂ! ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಈ ಸಸ್ಯ ತೋಟಗಳ ಬೇಲಿಯನ್ನು ಮೀರಿ ಇಲ್ಲಿ ಕಾಡುಗಿಡವೇ ಆಗಿಬಿಟ್ಟಿದೆ. ಎಲೆಗಳು ಪುಟ್ಟ ತಾವರೆಯೆಲೆಗಳಂತೆ ದುಂಡಗೆ. ಇಬ್ಬನಿಯು ಅವನ್ನು ತೋಯಿಸದೆ ಮುತ್ತಾಗಿ ಉರುಳುತ್ತಿತ್ತು. ಪದ್ಮಪತ್ರದ ಮೇಲಣ ಜಲಬಿಂದುವಿನ ಉಪಮೆಯನ್ನು ವರ್ಷವರ್ಷವೂ ತರಗತಿಯಲ್ಲಿ ವಿವರಿಸುವ ನಾನು ಅದನ್ನು ಅಷ್ಟು ಹತ್ತಿರದಿಂದ ನೋಡಿದುದು ಅಂದೇ.

ಪಕ್ಕದ ಕ್ಯಾರೆಟ್ ಹೊಲದಿಂದ ಬಡಗರ ಅಜ್ಜಿಯೊಬ್ಬರು ಬಂದರು. ಅವರ ನುಡಿ ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಪಂಡಿತರ ವಾದ ಆ ಇಬ್ಬರು ಮುದುಕಿಯರಿಗೆ ಬೇಕಾಗಲಿಲ್ಲ. ಗೊಬ್ಬರ ಉಂಡರೆ ಈ ಬಳ್ಳಿ ಎಲೆಯನ್ನಷ್ಟೇ ಬಿಡುತ್ತದೆ, ಹಸಿದಿದ್ದರೆ ಹೂವು ಎಂದು ಆಕೆ ತಿಳಿಸಿ, ಅಮ್ಮನ ಸೆರಗಿಗೆ ಒಂದು ಹಿಡಿ ಒಣಬೀಜವನ್ನು ಹಾಕಿದರು.

ಅಕ್ಟೋಬರಿನಲ್ಲಿ ಆ ಬೀಜಗಳನ್ನು ಒಂದು ರಾತ್ರಿ ನೆನೆಸಿ, ಹಿತ್ತಲಿನ ಬರಡು ಮೂಲೆಯಲ್ಲಿ ಅರ್ಧ ಅಂಗುಲದ ಆಳಕ್ಕೆ ಊರಿದೆವು. ಬೇರನ್ನು ಕದಲಿಸಿದರೆ ಈ ಗಿಡ ಸೊರಗುವುದರಿಂದ ಬೆಳೆಯಬೇಕಾದ ಜಾಗದಲ್ಲೇ ಬಿತ್ತುವುದು ಲೇಸು. ಅಮ್ಮನ ಕೈ ಎರಡು ಮೂರು ಬಾರಿ ಗೊಬ್ಬರದ ಬುಟ್ಟಿಯವರೆಗೆ ಹೋಗಿ ಹಿಂದಿರುಗಿತು. ಡಿಸೆಂಬರಿನಲ್ಲಿ ಮೊದಲ ಹೂ ಅರಳಿತು. ಅಂದು ಅವರು ಎಲೆಯೊಂದನ್ನು ಅಗಿದು, ಮೂಗಿಗೇರಿದ ಖಾರಕ್ಕೆ ಕಣ್ಣೀರು ತಂದುಕೊಂಡು, ಬಹುಕಾಲದ ಮೇಲೆ ಗಟ್ಟಿಯಾಗಿ ನಕ್ಕರು.

ಒಂದು ಮುಸ್ಸಂಜೆ ನನ್ನನ್ನು ಕೂಗಿ ಕರೆದರು: "ಹೂವು ಮಿಂಚಿತು, ನೋಡಪ್ಪ!" 1762ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸನ ಮಗಳು ಎಲಿಸಬೆತ್ ಕ್ರಿಸ್ಟೀನಾ ಈ ಮಿಂಚನ್ನು ಕಂಡು ಬರೆದಿದ್ದಳು. ಅದು ಹೂವಿನ ಬೆಳಕಲ್ಲ, ಮಬ್ಬುಬೆಳಕಿನಲ್ಲಿ ನಮ್ಮ ಕಣ್ಣು ಮಾಡುವ ಮಾಯೆ ಎಂಬುದು ಮುಂದೆ ತಿಳಿಯಿತು. ಅಮ್ಮನಿಗೆ ನಾನು ಎಲಿಸಬೆತ್ ಕಂಡುದನ್ನು ಮಾತ್ರ ಹೇಳಿದೆ.