ಲಂಗರಿನ ಕಲ್ಲು

1933ರಲ್ಲಿ ಕೋಡಿ ಬಿದ್ದಿದ್ದ ನಮ್ಮ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ! ಆ ವರ್ಷ ಮೊಮ್ಮಗಳ ಜೊತೆ ಹೊಸದುರ್ಗದ ಕಡೆಯ ಹಿನ್ನೀರಿನಲ್ಲಿ ಹರಿಗೋಲು ಹತ್ತಿದೆ. ವೇದಾವತಿ ಬಂದು ಸೇರುವ ಕಡೆ ಎದೆಮಟ್ಟದ ನೀರು, ಅಡಿಯಲ್ಲಿ ಕೆಸರು, ಮುಳುಗಿದ ಜಾಲಿಮುಳ್ಳು. ಇದ್ದಕ್ಕಿದ್ದಂತೆ ಗಾಳಿ ಎದ್ದು ನಮ್ಮನ್ನು ಆಳದ ಕಡೆಗೆ ತಳ್ಳತೊಡಗಿತು. ಅಂಬಿಗ ಹಗ್ಗ ಕಟ್ಟಿದ ಕಲ್ಲನ್ನು ನೀರಿಗೆ ಬಿಟ್ಟ. ಗಾಬರಿಯಲ್ಲಿ ನಾನು ಹಗ್ಗವನ್ನು ಬಿಗಿಯಾಗಿ ಹಿಡಿದೆ. ಕಲ್ಲು ಜಾರುತ್ತಲೇ ಇತ್ತು.

“ಬಿಡಿ ಯಜಮಾನ್ರೆ. ಹಗ್ಗ ಗಿಡ್ಡ ಆದ್ರೆ ಕಲ್ಲು ಮೇಲೇಳುತ್ತೆ. ಉದ್ದ ಬಿಟ್ರೆ ಮಲಗಿ ಹಿಡಿಯುತ್ತೆ.”

ಬಿಟ್ಟೆ. ಹರಿಗೋಲು ನಿಂತಿತು.

ಆಗ ಮೊಮ್ಮಗಳು ಮೆಲ್ಲಗೆ ಅಂದಳು: “ತಾತ, ನನ್ನ ಕೈನೂ ಸ್ವಲ್ಪ ಬಿಡು, ನೋಯ್ತಿದೆ.”