ಹಂಗಾಮಿ

ವರ್ತಮಾನಪತ್ರಿಕೆ ಬಿಡಿಸಿದರೆ ಸಾಕು, ಯಾವುದೋ ಒಂದು ದೇಶದಲ್ಲಿ ಹೊಸ ಅಧ್ಯಕ್ಷರು ಗೆದ್ದ ವಾರ್ತೆ ಇದ್ದೇ ಇರುತ್ತದೆ. ಗೆದ್ದ ದಿನ ಹಾರ, ತುರಾಯಿ, ಗುಲಾಲು. ಪ್ರಮಾಣವಚನದ ದಿನ ಭಾಷಣ, ಭಾವಚಿತ್ರ. ಇವೆರಡರ ನಡುವೆ ಬೀಳುವ ದಿನಗಳನ್ನು ಕುರಿತು ಮಾತ್ರ ಹೆಚ್ಚು ಬರೆಯುವವರಿಲ್ಲ. ಸೋತವರು ಇನ್ನೂ ಎದ್ದಿಲ್ಲ, ಗೆದ್ದವರು ಇನ್ನೂ ಕೂತಿಲ್ಲ. ಖಜಾನೆಯ ಕೀಲಿ, ದಂಡಿನ ಆಣತಿ, ಸೆರೆಮನೆಯ ಬಾಗಿಲು ಎಲ್ಲ ಇದ್ದಲ್ಲೇ ಇವೆ. ಆಗ ಅವನ್ನು ಕಾಯುವವರು ಯಾರು? ನನ್ನನ್ನು ಕೇಳಿದರೆ, ಒಂದು ರಾಜ್ಯದ ಯೋಗ್ಯತೆ ತಿಳಿಯುವುದು ಈ ದಿನಗಳಲ್ಲಿಯೇ.

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಯಾವ ವಿಷಯ ಬಂದರೂ ಮೊದಲು ಶಬ್ದದ ಬೆನ್ನು ಹತ್ತುವ ಚಾಳಿ, ಓದುಗರು ಸೈರಿಸಬೇಕು. ನಡುವಿನ ದಿನಗಳಿಗೆಂದು ಕುರ್ಚಿ ಹಿಡಿದವರನ್ನು ನಾವು ‘ಹಂಗಾಮಿ’ ಎನ್ನುತ್ತೇವೆ. ಪಾರಸಿಯಲ್ಲಿ ‘ಹಂಗಾಮ್’ ಎಂದರೆ ಹೊತ್ತು, ಕಾಲ. ಆ ಮಾತೇ ನಮ್ಮ ವಿಜಯಪುರದ ಎರೆಹೊಲಗಳಲ್ಲಿ ಮುಂಗಾರಿ ಹಂಗಾಮು, ಹಿಂಗಾರಿ ಹಂಗಾಮು ಎಂದು ಬೇರು ಬಿಟ್ಟಿತು. ಸಕ್ಕರೆ ಕಾರಖಾನೆಗಳಿಗೂ ಕಬ್ಬು ನುರಿಸುವ ಹಂಗಾಮು ಎಂದು ಹೋಯಿತು. ಕಚೇರಿಗೆ ಬಂದಾಗ ‘ಹಂಗಾಮಿ’ ಆಗಿ ಮರ್ಯಾದೆ ಕಳೆದುಕೊಂಡಿತು. ಹೊಲದಲ್ಲಿ ಹಂಗಾಮು ಎಂದರೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಕಾಲೇಜಿನಲ್ಲಿ ಹಂಗಾಮಿ ಪ್ರಾಚಾರ್ಯರೆಂದರೆ ಕಾರಕೂನ ಕೂಡ ಏಳುವುದಿಲ್ಲ.

ಮಮದಾಪುರ ನನ್ನ ತಾಯಿಯ ತವರು. ಊರಿನ ಹೆಸರಿನಲ್ಲಿರುವ ಮಮದ ಎಂದರೆ ಮಹಮ್ಮದ ಆದಿಲಶಾಹ. ಗೋಲಗುಮ್ಮಟದಡಿಯಲ್ಲಿ ಮಲಗಿರುವ ಆ ಅರಸನೇ ಇಲ್ಲಿಯ ದೊಡ್ಡ ಕೆರೆಯನ್ನೂ ಕಟ್ಟಿಸಿದ. ಗುಮ್ಮಟ ನೋಡಲು ದೇಶವಿದೇಶದ ಮಂದಿ ಬರುತ್ತಾರೆ; ಕೆರೆ ನೋಡಲು ಬರುವವರು ಕಡಮೆ. ನನಗೆ ಕೆರೆಯೇ ಮೇಲು. ಅದಿರಲಿ. 1656ರಲ್ಲಿ ಆ ಅರಸ ತೀರಿಕೊಂಡಾಗ ಮಗ ಅಲಿಗೆ ಹದಿನೆಂಟರ ಹರೆಯ. ದಖ್ಖನಿನ ಸುಬೇದಾರನಾಗಿದ್ದ ಔರಂಗಜೇಬ, ಈ ಹುಡುಗ ಸತ್ತವನ ಮಗನೇ ಅಲ್ಲ ಎಂಬ ನೆವ ತೆಗೆದು ದಂಡು ಹೊರಡಿಸಿದ. ಮರುವರ್ಷವೇ ಬೀದರ, ಕಲ್ಯಾಣದ ಕೋಟೆಗಳು ಕೈಬಿಟ್ಟವು. ಅದಕ್ಕೂ ಹಿಂದೆ, 1534ರಲ್ಲಿ ಪಟ್ಟಕ್ಕೆ ಬಂದ ಮಲ್ಲು ಆದಿಲಶಾಹನನ್ನು ಕೆಲವೇ ತಿಂಗಳಲ್ಲಿ ಕಣ್ಣು ಕಳೆದು ಇಳಿಸಿದ್ದರು. ಒಬ್ಬ ಅರಸ ಹೋಗಿ ಇನ್ನೊಬ್ಬ ಬರುವ ಗಳಿಗೆ ಎಂದರೆ ಆ ಕಾಲದ ವಿಜಯಪುರದಲ್ಲಿ ಬಾಗಿಲು ಹಾಕಿಕೊಂಡು ಕೂಡುವ ಗಳಿಗೆ.

ಪ್ರಜಾಪ್ರಭುತ್ವ ಬಂದೊಡನೆ ಈ ಭಯ ಹೋಯಿತೆಂದಲ್ಲ. ಅಮೆರಿಕದಲ್ಲಿ 1860ರ ನವೆಂಬರಿನಲ್ಲಿ ಲಿಂಕನ್ ಗೆದ್ದರು. ಅಧಿಕಾರ ಕೈಗೆ ಬಂದದ್ದು ಮರುವರ್ಷದ ಮಾರ್ಚ್ 4ಕ್ಕೆ. ಆ ನಾಲ್ಕು ತಿಂಗಳಲ್ಲಿ ಏಳು ರಾಜ್ಯಗಳು ಒಕ್ಕೂಟ ಬಿಟ್ಟುಹೋಗಿದ್ದವು. ಇಷ್ಟು ದೀರ್ಘ ನಡುಗಾಲ ಒಳ್ಳೆಯದಲ್ಲವೆಂದು ಅವರಿಗೂ ಮನವರಿಕೆಯಾಗಿ, 1933ರಲ್ಲಿ ಸಂವಿಧಾನ ತಿದ್ದಿ ಆ ದಿನವನ್ನು ಜನವರಿ 20ಕ್ಕೆ ತಂದರು. ಹಾಗೆ ಮೊಟಕಾದ ಅವಧಿಯಲ್ಲಿಯೂ 2021ರ ಜನವರಿ 6ರಂದು ಏನಾಯಿತೆಂಬುದನ್ನು ನಾವೆಲ್ಲ ದೂರದರ್ಶನದಲ್ಲಿ ಕಂಡಿದ್ದೇವೆ.

ನಮ್ಮ ದೇಶದಲ್ಲಿ ಅಂಥ ಗಳಿಗೆ ಬಂದದ್ದು 1977ರಲ್ಲಿ. ಆಗ ಕಾವಲಿಗೆ ಕೂತಿದ್ದವರು ನಮ್ಮ ಕಡೆಯ ಮನುಷ್ಯ, ಸಾವಳಗಿಯ ಬಸಪ್ಪ ದಾನಪ್ಪ ಜತ್ತಿ. ಸಾವಳಗಿ ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದ್ದರೂ ಆಗ ಅದು ಅಖಂಡ ವಿಜಾಪುರ ಜಿಲ್ಲೆಯದೇ, ಮಮದಾಪುರಕ್ಕೆ ದೂರದ್ದೇನಲ್ಲ. ಆ ವರ್ಷ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಉಪರಾಷ್ಟ್ರಪತಿಯಾಗಿದ್ದ ಜತ್ತಿಯವರು ಸಂವಿಧಾನದಂತೆ ಹಂಗಾಮಿ ರಾಷ್ಟ್ರಪತಿಯಾದರು. ತುರ್ತುಪರಿಸ್ಥಿತಿ ಇನ್ನೂ ಜಾರಿಯಲ್ಲಿತ್ತು; ಲೋಕಸಭೆಯ ಚುನಾವಣೆ ಸಾರಿಯಾಗಿತ್ತು.

ಇದೆಲ್ಲ ನಾನು ಹುಟ್ಟುವುದಕ್ಕೆ ಮೊದಲಿನ ಮಾತು. ನನಗೆ ಹೇಳಿದವರು ಸೋದರಮಾವ. ಆಗ ಅವರಿಗೆ ಇಪ್ಪತ್ತರ ಮೇಲೆ ಒಂದೆರಡು ವರ್ಷ. ಮಾರ್ಚ್ 20ರ ರಾತ್ರಿ ಓಣಿಯ ಮಂದಿಯೆಲ್ಲ ಒಂದು ರೇಡಿಯೋ ಸುತ್ತ ಕೂತಿದ್ದರಂತೆ. ಕರ್ನಾಟಕವೇನೋ ಆಕಳು-ಕರುವಿನ ಗುರುತಿಗೇ ಒಲಿದಿತ್ತು; 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೆ. ಆದರೆ ಉತ್ತರದಿಂದ ಬರುತ್ತಿದ್ದ ಸುದ್ದಿಯೇ ಬೇರೆ. ರಾಯಬರೇಲಿಯಲ್ಲಿ ಪ್ರಧಾನಿಯೇ ಸೋತರೆಂದು ಖಚಿತವಾದಾಗ ಯಾರೂ ಕೇಕೆ ಹಾಕಲಿಲ್ಲ, ಯಾರೂ ಅಳಲಿಲ್ಲ. “ಹಿರ್ಯಾ ಒಬ್ಬಾಂವ ಕೇಳಿದ ನೋಡು, ‘ಸೋತೇವಂತ ಬಿಟ್ಟ ಕೊಡತಾರೇನೋ?’ ಅಂತ. ಯಾರಿಗೂ ಉತ್ತರ ಕೊಡಾಕ ಬರಲಿಲ್ಲ,” ಎನ್ನುತ್ತಾರೆ ಮಾವ.

ಬಿಟ್ಟುಕೊಟ್ಟರು. ಮಾರ್ಚ್ 21ರಂದು, ಸೋತ ಸಂಪುಟದ ಸಲಹೆಯಂತೆಯೇ, ಜತ್ತಿಯವರು ಒಳನಾಡಿನ ತುರ್ತುಪರಿಸ್ಥಿತಿಯನ್ನು ತೆಗೆದುಹಾಕಿದರು. 22ರಂದು ಇಂದಿರಾ ಗಾಂಧಿಯವರು ರಾಜೀನಾಮೆ ಕೊಟ್ಟರು. 24ರಂದು ಮೊರಾರ್ಜಿ ದೇಸಾಯಿ ಪ್ರಮಾಣವಚನ ಸ್ವೀಕರಿಸಿದರು. ಲೆಕ್ಕ ಹಾಕಿದರೆ ನಾಲ್ಕು ದಿನ. ಹತ್ತೊಂಬತ್ತು ತಿಂಗಳು ಬಂಧನದಲ್ಲಿದ್ದ ಮನುಷ್ಯನಿಗೆ, ಬಂಧಿಸಿದ ಪಕ್ಷದಲ್ಲಿಯೇ ಬೆಳೆದ ಮನುಷ್ಯ ಪ್ರಮಾಣ ಬೋಧಿಸಿದ. ಇದರಲ್ಲಿ ಇನ್ನೊಂದು ಸೋಜಿಗವುಂಟು. 1952ರ ಚುನಾವಣೆಯ ಮೇಲೆ ಮೊರಾರ್ಜಿಯವರು ಮುಂಬಯಿ ಪ್ರಾಂತದ ಮುಖ್ಯಮಂತ್ರಿಯಾದಾಗ, ಅವರ ಸರಕಾರದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿಯಾಗಿದ್ದವರು ಇದೇ ಜತ್ತಿ. ಇಪ್ಪತ್ತೈದು ವರ್ಷದ ಮೇಲೆ ಹಳೆಯ ಯಜಮಾನ ಎದುರು ನಿಂತು ಕೈಯೆತ್ತಿ ನುಡಿಯುತ್ತಿದ್ದಾನೆ, ಹಳೆಯ ಉಪಮಂತ್ರಿ ನುಡಿಸುತ್ತಿದ್ದಾನೆ!

ಇಷ್ಟಕ್ಕೇ ನಿಂತಿದ್ದರೆ ಜತ್ತಿಯವರ ಹೆಸರಿಗೆ ಯಾರೂ ಅಡ್ಡಮಾತು ಆಡುತ್ತಿರಲಿಲ್ಲ. ಏಪ್ರಿಲಿನಲ್ಲಿ ಹೊಸ ಸರಕಾರ, ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಹೊರಟಿತು. ಲೋಕಸಭೆಯಲ್ಲಿ ಜನ ಕೈಬಿಟ್ಟ ಪಕ್ಷ ಅಲ್ಲಿ ಆಳುವಂತಿಲ್ಲ ಎಂಬುದು ಅದರ ವಾದ. ಕೆಲವು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. 29ರಂದು ಕೋರ್ಟು ಅವರ ದಾವೆಗಳನ್ನು ವಜಾ ಮಾಡಿತು. ಕಾಗದ ಜತ್ತಿಯವರ ಮೇಜಿಗೆ ಬಂತು. ಅವರು ಕೂಡಲೇ ಸಹಿ ಹಾಕಲಿಲ್ಲ. ವಿಚಾರ ಮಾಡಲು ಸಮಯ ಬೇಕೆಂದರು. ದಿಲ್ಲಿಯಲ್ಲಿ ಗದ್ದಲವೆದ್ದಿತು. ಹಳೆಯ ಪಕ್ಷದ ಋಣ ತೀರಿಸುತ್ತಿದ್ದಾರೆಂದು ಹಲವರು ಆಡಿಕೊಂಡರು. 30ರಂದು ಸಹಿ ಬಿತ್ತು.

ಈ ಒಂದು ದಿನದ ಮೇಲೆ ಮಾವನಿಗೂ ನನಗೂ ಇಂದಿಗೂ ಜಗಳ. ಜತ್ತಿಯವರೆಂದರೆ ಮಾವನಿಗೆ ಬಹಳ ಅಭಿಮಾನ. ಅಭಿಮಾನವಿದ್ದಲ್ಲಿ ಸಿಟ್ಟೂ ಹೆಚ್ಚು. “ಅಲ್ಲೋ ತಮ್ಮಾ, ಹಾಕೂದ ಇತ್ತಂದ್ರ ಅವತ್ತ ಹಾಕಬೇಕಿತ್ತು. ಹಾಕೂದಿಲ್ಲಂದ್ರ ಹಾಕೂದಿಲ್ಲಂತ ಗಟ್ಟ್ಯಾಗಿ ಕೂಡಬೇಕಿತ್ತು. ಒಂದ ದಿನ ತಡದು ಏನ ಗಳಿಸಿದರು? ಕೆರಿ ಕಾಯಾಂವಗ ನೀರು ನಂದು ಅನ್ನಾಕ ಬರತೈತೇನು?”

ನಾನು ಹೇಳುವುದಿಷ್ಟು: ನೀರು ತನ್ನದೆನ್ನಲು ಬರುವುದಿಲ್ಲ, ನಿಜ. ಆದರೆ ತೂಬು ಎತ್ತು ಎಂದು ಅಪ್ಪಣೆ ಬಂದಾಗ, ಎಷ್ಟು ಎತ್ತಲಿ, ಕೆಳಗೆ ಯಾರ ಹೊಲವಿದೆ ಎಂದು ಒಮ್ಮೆ ಕೇಳಲು ಬರುತ್ತದೆ. ಅಂದಿನ ಸಂವಿಧಾನ ಅದಕ್ಕೂ ಎಡೆ ಕೊಟ್ಟಿರಲಿಲ್ಲ ಎನ್ನುವುದು ಬೇರೆ ಮಾತು. 1976ರ 42ನೆಯ ತಿದ್ದುಪಡಿ, ಸಂಪುಟದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯತಕ್ಕದ್ದೆಂದು ಕಟ್ಟುಹಾಕಿತ್ತು. ತಮಾಷೆಯೆಂದರೆ, ಆ ಕಟ್ಟು ಹಾಕಿದವರು ಇಂದಿರಾ ಗಾಂಧಿಯವರ ಕಡೆಯವರು. ಅದನ್ನು ಹಿಡಿದು ಜತ್ತಿಯವರನ್ನು ದಬಾಯಿಸಬಲ್ಲ ಸ್ಥಿತಿಯಲ್ಲಿದ್ದವರು ಜನತಾ ಪಕ್ಷದವರು. ಮರುವರ್ಷ, 1978ರ 44ನೆಯ ತಿದ್ದುಪಡಿಯಲ್ಲಿ, ಸಲಹೆಯನ್ನು ಪುನರ್ವಿಚಾರಕ್ಕೆಂದು ಒಂದು ಸಲ ಹಿಂದಕ್ಕೆ ಕಳಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟರು. ಎರಡನೆಯ ಸಲ ಬಂದರೆ ಸಹಿ ಹಾಕಲೇಬೇಕು. ಜತ್ತಿಯವರು ಒಂದು ದಿನ ತಡೆದು ಮಾಡಿದ್ದು ಹೆಚ್ಚುಕಡಮೆ ಇದನ್ನೇ ಅಲ್ಲವೆ? ಅವರ ಮನಸ್ಸಿನಲ್ಲಿ ಪಕ್ಷದ ಮಮತೆ ಇರಲಿಲ್ಲವೆಂದು ನಾನು ಆಣೆ ಇಡಲಾರೆ. ಇದ್ದಿರಲೂಬಹುದು. ಇದ್ದೂ ಅದು ಒಂದೇ ದಿನದ ಮಟ್ಟಿಗೆ ನಿಂತಿತಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಮಾವ ಒಪ್ಪುವುದಿಲ್ಲ. ಅವರಿಗೆ ಹಂಗಾಮಿಯ ಮಾದರಿ ಬೇರೊಬ್ಬರು: ಹುನಗುಂದದ ಎಸ್.ಆರ್. ಕಂಠಿ. ಅವರೂ ಈ ಜಿಲ್ಲೆಯವರೇ. 1962ರ ಚುನಾವಣೆಯಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತಾಗ, ಮಾರ್ಚ್ 14ರಂದು ಕಂಠಿಯವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದೊಡನೆ ಜೂನಿನಲ್ಲಿ ಕುರ್ಚಿ ಬಿಟ್ಟು ಎದ್ದರು. ಕುರ್ಚಿಯ ರುಚಿ ಹತ್ತಿತೆಂದು ಅಂಟಿಕೊಳ್ಳಲಿಲ್ಲ. ಅಂದಹಾಗೆ, ಕಂಠಿಯವರಿಗಿಂತ ಮುಂಚೆ, 1958ರಿಂದ 1962ರ ವರೆಗೆ, ಅದೇ ಕುರ್ಚಿಯಲ್ಲಿದ್ದವರು ಜತ್ತಿಯವರು. ಅದು ಕೈತಪ್ಪಿದ ಮೇಲೆ ಅವರೂ ಮನೆಹಿಡಿದು ಕೂಡಲಿಲ್ಲ. ನಿಜಲಿಂಗಪ್ಪನವರ ಸಂಪುಟದಲ್ಲಿ ಹಣಕಾಸಿನ ಖಾತೆ ವಹಿಸಿಕೊಂಡರು. ಇನ್ನೂ ಹಿಂದಕ್ಕೆ ಹೋದರೆ, ಜಮಖಂಡಿ ಸಂಸ್ಥಾನದಲ್ಲಿ ಅವರು ಮಂತ್ರಿಪದವಿಯಲ್ಲಿದ್ದಾಗಲೇ 1948ರಲ್ಲಿ ಆ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಲೀನವಾಯಿತು. ಒಂದು ಸರಕಾರವನ್ನೇ ಕೈಯಾರೆ ಒಪ್ಪಿಸಿ ಬಂದವರಿಗೆ ಕುರ್ಚಿ ಬಿಡುವ ರೂಢಿ ಮೊದಲಿಂದಲೂ ಇತ್ತೆಂದೇ ಕಾಣುತ್ತದೆ.

ರಾಷ್ಟ್ರಪತಿಯ ಸ್ಥಾನ ಹೀಗೆ ತೆರವಾದರೆ ಆರು ತಿಂಗಳೊಳಗೆ ಚುನಾವಣೆಯಾಗಬೇಕೆಂದು ನಿಯಮ. ಆ ಸಲ 37 ಮಂದಿ ನಾಮಪತ್ರ ಸಲ್ಲಿಸಿದ್ದರು. 36 ತಿರಸ್ಕೃತವಾಗಿ ನೀಲಂ ಸಂಜೀವ ರೆಡ್ಡಿಯವರು ಅವಿರೋಧವಾಗಿ ಆರಿಸಿಬಂದರು. 1977ರ ಜುಲೈ 25ರಂದು ರೆಡ್ಡಿಯವರು ಪ್ರಮಾಣವಚನ ತೆಗೆದುಕೊಂಡರು. ಜತ್ತಿಯವರು 164 ದಿನಗಳ ಕಾವಲು ಮುಗಿಸಿ ತಮ್ಮ ಹಳೆಯ ಉಪರಾಷ್ಟ್ರಪತಿಯ ಸ್ಥಾನಕ್ಕೆ ಮರಳಿ, 1979ರ ಆಗಸ್ಟಿನ ವರೆಗೆ ಅಲ್ಲಿದ್ದರು. ಅಂದಿನಿಂದ ಇಂದಿನವರೆಗೆ ನಮ್ಮ ರಾಷ್ಟ್ರಪತಿಗಳೆಲ್ಲ ಪ್ರಮಾಣವಚನ ಸ್ವೀಕರಿಸಿದ್ದು ಜುಲೈ 25ರಂದೇ. 2022ರಲ್ಲಿ ದ್ರೌಪದಿ ಮುರ್ಮು ಅವರೂ ಅಂದೇ ಸ್ವೀಕರಿಸಿದರು. ಯಾಕೆ ಆ ದಿನವೇ ಎಂದು ನನ್ನ ವಿದ್ಯಾರ್ಥಿಗಳನ್ನು ಕೇಳಿದರೆ ಒಬ್ಬರೂ ಹೇಳುವುದಿಲ್ಲ. ಅದು ಸಾವಳಗಿಯ ಜತ್ತಿಯವರು ಕೀಲಿ ಒಪ್ಪಿಸಿದ ದಿನ.